ಕೊಂಡಿಗಳ ನಡುವೆ ಬಿದ್ದಿದ್ದ ಉಂಗುರ

ಕಳೆದ ವಾರ ಸಹೋದ್ಯೋಗಿಯೊಬ್ಬ ಹೊಸ ಮೆಟಲ್ ಡಿಟೆಕ್ಟರಿನ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ಬಿಚ್ಚಿದ. ಹಿಡಿಕೆಯ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಹಳೆಯದೇ ಸಾಕೋ, ಇದಕ್ಕೆ ಬದಲಾಯಿಸಲೋ ಎಂದು ಕೇಳುತ್ತಿದ್ದ. ನನಗೆ ಕೊಲ್ಲಿ ದೇಶದಲ್ಲಿದ್ದಾಗಿನ ಮಂಗಫ್‌ನ ಕಟ್ಟಡ ನೆನಪಾಯಿತು. ಮೇಲಿನ ಮನೆಯ ಪೊರ್ಬುಗಳು ನೆನಪಾದರು...

ನಮ್ಮ ಕರಾವಳಿಯಲ್ಲಿ ಕೊಂಕಣಿ ಕ್ರೈಸ್ತರನ್ನು ಹಾಗೆ ಮರ್ಯಾದೆಯಿಂದ ಕರೆಯುತ್ತೇವೆ. ಅವರ ಹೆಂಡತಿಯನ್ನು ನಾನು ಬಾಯಮ್ಮ ಎನ್ನುತ್ತಿದ್ದೆ. ಅವರು ಗುತ್ತಿಗೆ ಕಂಪನಿಯೊಂದರ ಆಫೀಸಿನಲ್ಲಿದ್ದರು, ಆಕೆ ನರ್ಸ್. ಒಂದು ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ಪೂಜೆ ಮುಗಿಸಿ ಚರ್ಚಿನವರೆಲ್ಲ ಸಮುದ್ರದಂಡೆಗೆ ಪಿಕ್ನಿಕ್ ಹೋಗಿದ್ದರು. ಅಲ್ಲಿ ಚೆಂಡಾಟ ಆಡುವಾಗ ಪೊರ್ಬುಗಳ ಮದುವೆಯ ಉಂಗುರ ಜಾರಿ ಮರಳಿನಲ್ಲಿ ಬಿತ್ತು. ಅದೇ ತಿಂಗಳು ಅವರ ತಂಗಿಯ ಮಗಳ ಮದುವೆಗೆಂದು ಊರಿಗೆ ಚಿನ್ನದ ಬಳೆ ಹೋಗಿತ್ತು. ಉಂಗುರ ಎಲ್ಲೂ ಬಿದ್ದಿಲ್ಲ, ಕರಗಿ ಬಳೆಗೆ ಸೇರಿದೆ ಎಂದು ಬಾಯಮ್ಮ ತೀರ್ಮಾನಿಸಿದರು. ನಮಗೆ ಜಗಳವೇನೂ ಕೇಳಿಸಲಿಲ್ಲ. ಇಬ್ಬರೂ ಬೇರೆ ಬೇರೆ ಹೊತ್ತಿಗೆ ಊಟ ಮಾಡುತ್ತೇವೆ ಎಂದು ಪೊರ್ಬುಗಳೇ ಒಮ್ಮೆ ಲಿಫ್ಟಿನಲ್ಲಿ ಹೇಳಿದರು.

ಅವರು ಡಿಟೆಕ್ಟರ್ ಕೊಂಡದ್ದು ಆಮೇಲೆ. ಸಾಧಾರಣ ದರ್ಜೆಯದು. ಅಲ್ಲಿಯ ಮರಳಿನಲ್ಲಿ ತಂಪು ಪಾನೀಯದ ಡಬ್ಬಿಗಳನ್ನು ಎಳೆದು ತೆರೆಯುವ ಅಲ್ಯುಮಿನಿಯಂ ಕೊಂಡಿಗಳೇ ತುಂಬಿದ್ದವು. ಪ್ರತಿ ಹೆಜ್ಜೆಗೂ ಯಂತ್ರ ಕೂಗುವುದು, ಅಗೆದರೆ ಕೊಂಡಿ. ಬೇಸತ್ತು ಅವರು ಕೊಂಡಿಗೆ ಕೂಗದಂತೆ ಯಂತ್ರದ ಗುಂಡಿ ಒತ್ತಿಟ್ಟರು. ಎರಡು ಚಳಿಗಾಲ ಒಣಮರಳನ್ನೆಲ್ಲ ಹಾಗೆಯೇ ಹುಡುಕಿ ಮುಗಿಸಿದರು. ಉಂಗುರ ನೀರಿನ ಅಂಚಿಗೆ ಹೋಗಿರಬೇಕು ಎಂದುಕೊಂಡರು. ಒದ್ದೆ ಮರಳಿನ ಉಪ್ಪಿಗೆ ಈ ಯಂತ್ರ ಸುಮ್ಮಸುಮ್ಮನೆ ಅರಚುತ್ತದೆ, ದುಬಾರಿಯದೇ ಬೇಕು ಎಂದು ಲೆಕ್ಕ ಹಾಕಿದರು. ಸಂಜೆ ನನ್ನ ಮನೆಗೆ ಬಂದು ಫೋನಿನಲ್ಲಿ ಒಂದೊಂದೇ ಮಾದರಿ ತೋರಿಸುತ್ತಿದ್ದರು. ಯಾವುದು ಉಪ್ಪುನೀರು ತಾಳುತ್ತದೆ, ಯಾವುದರ ತೂಕ ಕಡಿಮೆ, ಯಾವುದು ಹೆಚ್ಚು ಆಳಕ್ಕೆ ಹೋಗುತ್ತದೆ... ಉಂಗುರದ ಮಾತು ಮಾತ್ರ ಆಡುತ್ತಿರಲಿಲ್ಲ.

ಕೊಳ್ಳುವ ಮುಂಚೆ ಎರಡನ್ನೂ ಒಂದೇ ಜಾಗದಲ್ಲಿ ಓಡಿಸಿ ನೋಡೋಣ ಎಂದದ್ದು ಅವರೇ. ಹೋಟೆಲೊಂದರಲ್ಲಿ ಕೆಲಸ ಮಾಡುತ್ತಿದ್ದ ಫಿಲಿಪೀನಿಯೊಬ್ಬನ ಬಳಿ ಆ ದುಬಾರಿ ಯಂತ್ರವಿತ್ತು. ಶುಕ್ರವಾರ ಮೂವರೂ ಅದೇ ದಂಡೆಗೆ ಹೋದೆವು. ಅವನದು ಕೂಗಿತು, ಇವರದು ಕೂಗಲಿಲ್ಲ. ಅಗೆದರೆ ಕೊಂಡಿ.

"ನೋಡು ಭಾಯಿ, ನನ್ನದೇ ಬುದ್ಧಿವಂತ. ಕಸಕ್ಕೆಲ್ಲ ಬಾಯಿ ಬಿಡುವುದಿಲ್ಲ," ಎಂದು ಪೊರ್ಬುಗಳು ನಕ್ಕರು.

ಅವನು ನಗಲಿಲ್ಲ. ಕೊಂಡಿಯನ್ನು ಯಾಕೆ ಮುಚ್ಚಿಟ್ಟಿದ್ದೀರಿ, ಚಿನ್ನದ ಉಂಗುರವೂ ಕೊಂಡಿಯ ದನಿಯಲ್ಲೇ ಕೂಗುತ್ತದಲ್ಲ ಎಂದು ಕೇಳಿದ. ನಾನು ನನ್ನ ಉಂಗುರ ತೆಗೆದು ಮರಳಿನ ಮೇಲಿಟ್ಟೆ. ಪೊರ್ಬುಗಳು ಯಂತ್ರವನ್ನು ಅದರ ಮೇಲೆ ಆಡಿಸಿದರು. ಸದ್ದಿಲ್ಲ. ಮತ್ತೊಮ್ಮೆ ಆಡಿಸಿದರು. "ಖಲಾಸ್," ಎಂದರು, ಅಷ್ಟೇ.

ಹೊಸ ಯಂತ್ರ ಕೊಳ್ಳಲಿಲ್ಲ. ಹಳೆಯದರಲ್ಲೇ ಎಲ್ಲ ದನಿಗಳನ್ನೂ ಬಿಟ್ಟುಕೊಂಡು ಮೊದಲಿನಿಂದ ಶುರು ಮಾಡಿದರು. ಚೀಲ ತುಂಬ ಕೊಂಡಿ ಹೆಕ್ಕಿದ ಮೇಲೆ, ಆ ಚಳಿಗಾಲದ ಕೊನೆಗೆ, ಉಂಗುರ ಸಿಕ್ಕಿತು. ಅಗೆಯುವಾಗ ನಾನು ಪಕ್ಕದಲ್ಲೇ ಇದ್ದೆ. ಅದು ಸಾದಾ ಉಂಗುರ, ಒಳಗೆ ಹೆಸರು ಕೆತ್ತಿಸಿರಲಿಲ್ಲ.

ಬಾಯಮ್ಮ ಅದನ್ನು ಅಂಗೈಯಲ್ಲಿಟ್ಟು ನೋಡಿದರು. ಕರಗಿಸಿದವರಿಗೆ ಅಂಥದೇ ಇನ್ನೊಂದು ಮಾಡಿಸುವುದು ಏನು ಕಷ್ಟ ಎಂದರು. ನಾನೇ ಕಣ್ಣಾರೆ ಕಂಡೆ, ಮರಳಿನಿಂದಲೇ ಬಂತು ಎಂದೆ. ಅವರಿಗೆ ಸಿಟ್ಟೇನೂ ಬರಲಿಲ್ಲ.

"ಅಗೆಯುವಾಗ ನೀವಿದ್ದಿರಿ. ಹೂಳುವಾಗ ಇದ್ದಿರಾ?"

ಪೊರ್ಬುಗಳು ಉಂಗುರ ಹಾಕಿಕೊಂಡರು. ಆಮೇಲೆ ಅವರ ಕೈಯಲ್ಲಿ ಯಂತ್ರ ಕಾಣಲಿಲ್ಲ. ಕೆಲಸ ಮುಗಿದ ಮೇಲೆ ಇಬ್ಬರೂ ಒಂದೇ ವಿಮಾನದಲ್ಲಿ ಊರಿಗೆ ಹೋದರು...

ಸಹೋದ್ಯೋಗಿಗೆ ಇದನ್ನೆಲ್ಲ ಹೇಳಲಿಲ್ಲ. ಅಂದು ಸಂಜೆ ಊರಿನ ನಂಬರು ಹುಡುಕಿ ಫೋನ್ ಮಾಡಿದೆ. ಬಾಯಮ್ಮ ಎತ್ತಿದರು. ಪೊರ್ಬುಗಳು ಮಳೆಗಾಲಕ್ಕೆ ಮುಂಚೆಯೇ ತೀರಿಕೊಂಡಿದ್ದರು. ನನಗೆ ಯಾರೂ ತಿಳಿಸಿರಲಿಲ್ಲ. ಉಂಗುರದ ಮಾತನ್ನು ಅವರೇ ತೆಗೆದರು.

"ಶವಪೆಟ್ಟಿಗೆ ಮುಚ್ಚುವ ಮುಂಚೆ ಉಂಗುರ ತೆಗೆಯಬೇಕಾ ಅಂತ ಚರ್ಚಿನವರು ಕೇಳಿದರು. ಇರಲಿ ಬಿಡಿ ಅಂದೆ. ಮದುವೆಯ ದಿನ ನಾನು ಅವರ ಬೆರಳಿಗೆ ಹಾಕಿದ್ದೇ ಆಗಿದ್ದರೆ ತೆಗೆದಿಟ್ಟುಕೊಳ್ಳುತ್ತಿದ್ದೆ."