ಅವ್ವ ಮುಟ್ಟದ ಮಲ್ಲಿಗೆ

ಮಲ್ಲಿಗೆ ಮೊಗ್ಗನ್ನು ಮರುದಿನದವರೆಗೆ ಅರಳದಂತೆ ಇಡುವುದು ಹೇಗೆ ಎಂದು ಆ ಹೂವಿಗೇ ಹೆಸರಾದ ಹಡಗಲಿಯಲ್ಲಿ ಹುಟ್ಟಿ ಬೆಳೆದವಳು ಮೊಬೈಲಿನಲ್ಲಿ ಹುಡುಕುವುದೆಂದರೆ ನಾಚಿಕೆಗೇಡು. ನಾನು ಹುಡುಕಿದೆ. ಒಬ್ಬಳು ಫ್ರಿಜ್ಜಿನಲ್ಲಿಡಿ ಎಂದಳು, ಇನ್ನೊಬ್ಬಳು ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ ಎಂದಳು, ಮೂರನೆಯವಳು ನೀರು ಚಿಮುಕಿಸುತ್ತಿರಿ ಎಂದಳು. ನನ್ನ ತಲೆ ಕೆಟ್ಟುಹೋಯಿತು.

ಮರುದಿನ ಬೆಳಿಗ್ಗೆ ಕೊಟ್ಟೂರಿನ ನಮ್ಮ ಮನೆಯಲ್ಲಿ ಮಗಳ ನಿಶ್ಚಿತಾರ್ಥ. ಹಡಗಲಿಯಿಂದ ಅಣ್ಣನ ಹೆಂಡತಿ ಮೊಗ್ಗಿನಲ್ಲೇ ಕಟ್ಟಿದ ಎಂಟು ಮಾರು ಮಲ್ಲಿಗೆಯನ್ನು ಮಧ್ಯಾಹ್ನದ ಬಸ್ಸಿಗೆ ಕಳಿಸಿದ್ದಳು. ಸಂಜೆಗೇ ಅರಳಿಬಿಟ್ಟರೆ ಗಂಡಿನ ಕಡೆಯವರ ಮುಂದೆ ಮಗಳ ಜಡೆಯಲ್ಲಿ ಬಾಡಿದ ಹೂವು.

ಈ ವಿದ್ಯೆ ಪೂರ್ತಿ ಗೊತ್ತಿದ್ದವಳು ಅವ್ವ. ಎಲ್ಲೋ ದೂರವೂ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನನ್ನ ಹತ್ತಿರವೇ ಇದ್ದಾಳೆ. ಮದುವೆಯಾದಾಗಿನಿಂದ ತೋಟದ ಮೊಗ್ಗು ಬಿಡಿಸಿ, ಕಟ್ಟಿ, ಕಾಪಾಡಿದ ಕೈ ಅವಳದು. ಆದರೆ ಆ ಮಧ್ಯಾಹ್ನ ಅಡುಗೆಮನೆಯ ಹೊಸ್ತಿಲಾಚೆ ಕೂತು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

“ಪ್ಲಾಸ್ಟಿಕ್ ಚೀಲದಾಗ ಬ್ಯಾಡವ್ವ, ಬೆವರತಾವ. ಮುಂಜಾನಿಗೆ ಕಪ್ಪಾಗತಾವ,” ಎಂದಳು.

“ಮತ್ತ ಹೆಂಗಿಡ್ಲಿ? ನೀನ ಬಂದು ಇಡು.”

“ಶುಭಕಾರ್ಯದ ಹೂವು. ನಾ ಮುಟ್ಟಬಾರದು.”

ಇದೆಲ್ಲ ಸುಳ್ಳು ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುವ ಮೇಷ್ಟ್ರಮ್ಮ ನಾನು. ಅವಳ ಕೈ ಹಿಡಿದು ಒಳಗೆ ಕರೆತರಬೇಕಿತ್ತು. ಬದಲಿಗೆ, ನಿಜ ಹೇಳುತ್ತೇನೆ, ಮನಸ್ಸು ಹಗುರಾಯಿತು. ನನ್ನ ಬಾಯಿಂದ ಬರಬಾರದ ಮಾತನ್ನು ಅವಳೇ ಆಡಿಬಿಟ್ಟಳಲ್ಲ ಎಂದು. ಆಮೇಲೆ, ಹಗುರಾಯಿತಲ್ಲ ಎಂಬುದಕ್ಕೇ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಫ್ರಿಜ್ಜಿನ ಬಾಗಿಲನ್ನು ದಢಾರನೆ ಹಾಕಿದೆ.

ಅವ್ವ ಕೂತಲ್ಲಿಂದಲೇ ಹೇಳತೊಡಗಿದಳು. ಹಳೆಯ ಹತ್ತಿ ಪಂಚೆ ತೋಯಿಸಬೇಕು, ಒಂದು ಹನಿಯೂ ಬೀಳದಂತೆ ಹಿಂಡಬೇಕು, ಹೂವನ್ನು ಸಡಿಲವಾಗಿ ಸುತ್ತಬೇಕು. ನಾನು ಹಿಂಡಿದೆ. “ಇನ್ನಾ ನೀರು ಐತಿ,” ಎಂದಳು. ಮತ್ತೆ ಹಿಂಡಿದೆ. “ಇನ್ನಾ ಐತಿ.” ಮೂರನೆಯ ಸಲಕ್ಕೆ ಅವಳಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಪಂಚೆ ಕಸಿದುಕೊಂಡು ಒಂದೇ ಏಟಿಗೆ ಹಿಂಡಿ ನನ್ನ ಹೆಗಲ ಮೇಲೆ ಹಾಕಿ, ಹೋಗಿ ಕೂತಳು. ಬಟ್ಟೆ ಮುಟ್ಟಬಹುದು, ಹೂವು ಮುಟ್ಟಬಾರದು. ಈ ಲೆಕ್ಕ ಎಲ್ಲಿಯದೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಬಾಳೆ ಎಲೆ ಹಾಸಿದ ಬುಟ್ಟಿಯಲ್ಲಿ ಗಂಟನ್ನಿಟ್ಟು, ನೀರಿನ ಕೊಡಗಳ ಪಕ್ಕದ ತಂಪಿನಲ್ಲಿ ಇರಿಸಿದೆ. ಪದೇ ಪದೇ ಬಿಚ್ಚಿ ನೋಡಬೇಡ ಎಂದಿದ್ದಳು. ಎರಡು ಸಲ ಬಿಚ್ಚಿ ನೋಡಿದೆ.

ಬೆಳಿಗ್ಗೆ ಮೊಗ್ಗುಗಳು ಇಟ್ಟ ಹಾಗೇ ಇದ್ದವು, ಬೆಳ್ಳಗೆ, ಬಿಗಿಯಾಗಿ. ಮಗಳು ಜಡೆ ಹಾಕಿಸಿಕೊಂಡು ಕೂತಿದ್ದಳು. ನಮ್ಮಿಬ್ಬರ ಹಿಂದಿನ ದಿನದ ಮಾತು ಅವಳಿಗೆ ಗೊತ್ತಿರಲಿಲ್ಲ. ದಂಡೆಯನ್ನು ಅವ್ವನ ಕಡೆ ಚಾಚಿ, “ಅಜ್ಜಿ, ನೀನ ಮುಡಸು,” ಎಂದಳು.

ಅವ್ವ ಬೇಡ ಎನ್ನಲಿಲ್ಲ. ಸೆರಗಿನಿಂದ ಕೈ ಹೊರಗೆ ಬಂತು. ಎರಡು ಹೆಜ್ಜೆ ಮುಂದೆ ಬಂದಳು.

ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದಾಯಿತು. ನಾನು ಬಾಗಿಲ ಕಡೆ ನೋಡಿದೆ. ಬರೀ ನೋಡಿದೆ, ಅಷ್ಟೇ. ತಿರುಗಿದಾಗ ಅವ್ವ ನನ್ನನ್ನೇ ನೋಡುತ್ತಿದ್ದಳು.

“ನಿಮ್ಮವ್ವ ಚೆಂದ ಮುಡಸತಾಳ,” ಎಂದು ಮೊಮ್ಮಗಳ ಕೆನ್ನೆ ಸವರಿ ಒಳಗೆ ಹೋದಳು.

ಬಂದಿದ್ದು ಅಡುಗೆಯವರ ಪಾತ್ರೆ ಹೊತ್ತ ಟೆಂಪೊ. ಗಂಡಿನ ಕಡೆಯವರು ಬಂದದ್ದು ಒಂದು ತಾಸು ಬಿಟ್ಟು. ಅವರಲ್ಲಿ ಯಾರಾದರೂ ಅವ್ವ ಹೂವು ಮುಟ್ಟಿದ್ದರೆ ಏನಾದರೂ ಅಂದುಕೊಳ್ಳುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಹೆದರಿದ್ದು ಅವರಿಗೋ, ನನಗೋ, ಅದೂ ಗೊತ್ತಿಲ್ಲ.

ಊಟವಾದ ಮೇಲೆ ಬೀಗಿತ್ತಿ ಮಗಳ ಜಡೆ ಮುಟ್ಟಿ ಕೇಳಿದರು. “ನಿನ್ನಿ ಹೂವು ಅಂತೀರಿ, ಇಷ್ಟು ಚಲೋ ಅದಾವಲ್ರಿ. ಯಾರು ಇಟ್ಟಿದ್ರಿ?”

ಒಳಗಿನ ಕೋಣೆಯ ಬಾಗಿಲು ತೆರೆದೇ ಇತ್ತು. ಅವ್ವ ಅಲ್ಲೇ ಮಂಚದ ಮೇಲೆ ಕೂತಿದ್ದಳು.

“ನಾನ ಇಟ್ಟಿದ್ದೆರಿ,” ಎಂದೆ.