ಹೇಳಿಯೇ ಮುಟ್ಟುವ ನಮ್ಮನೆಯವರು

ನಾವು ಬಂದು ನೆಲೆಸಿರುವ ಈ ಚಳಿನಾಡಿನ ಗಾಲ್ವೇಯಲ್ಲಿ ಕೊಬ್ಬರಿ ಎಣ್ಣೆ ವರ್ಷದ ಬಹುಪಾಲು ಕಲ್ಲಾಗಿಯೇ ಇರುತ್ತದೆ. ತಲೆಗೆ ಹಚ್ಚಬೇಕೆಂದರೆ ಬಾಟಲಿಯನ್ನು ಕೋಣೆ ಬಿಸಿ ಮಾಡುವ ರೇಡಿಯೇಟರ್ ಮೇಲಿಟ್ಟು ಕಾಯಬೇಕು. ಈ ಭಾನುವಾರ ಹಾಗೇ ಇಟ್ಟು, ಕಾಫಿ ಕುಡಿಯುತ್ತ ಕೂತವಳು ಮರೆತೇಬಿಟ್ಟೆ. ಮುಚ್ಚಳ ಸಡಿಲವಿತ್ತೋ ಏನೋ, ಮನೆಯೆಲ್ಲ ಎಣ್ಣೆಯ ಘಮ. ಮೈಸೂರಿನಿಂದ ಬಂದಿರುವ ನಮ್ಮತ್ತೆ "ಯಾರಿಗೆ ಇವತ್ತು ಎಣ್ಣೆ ಸ್ನಾನ?" ಅಂತ ರೂಮಿನಿಂದಲೇ ಕೂಗಿದರು. ನನಗೆ ಮಾತ್ರ ಕೊರೋನಾ ಕಾಲದಲ್ಲಿ ನಾನು ಜ್ವರ ಬಂದು ಮಲಗಿದ್ದ ಮಹಡಿಯ ಪುಟ್ಟ ಕೋಣೆ ನೆನಪಾಯಿತು. ಮೂಗು ಸತ್ತುಹೋಗಿದ್ದ ಆ ದಿನಗಳಲ್ಲಿ ನನಗೆ ಮೊದಲು ವಾಪಸ್ ಬಂದ ವಾಸನೆ ಇದೇ.

ಅದಕ್ಕೂ ಮೊದಲು ನಮ್ಮನೆಯವರ ಬಗ್ಗೆ ಹೇಳಬೇಕು. ಗಿರೀಶ್ ಆಗ ಸಾಫ್ಟ್‌ವೇರ್ ಟೆಸ್ಟರ್. ಪ್ರವಾಸದ ಟಿಕೆಟ್ ಬುಕ್ ಮಾಡುವ ಕಂಪನಿ ಅವರದು. ಜನ ಮನೆಯಿಂದ ಆಚೆಗೇ ಬರದಿದ್ದ ಮೇಲೆ ಟಿಕೆಟ್ ಯಾರಿಗೆ ಬೇಕು? ಕೆಲಸ ಹೋಯಿತು. ಅದೇ ಹೊತ್ತಿಗೆ ನಮ್ಮ ರಸ್ತೆಯ ಕೊನೆಯ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಜನ ಸಾಲದೆ ಒದ್ದಾಡುತ್ತಿದ್ದರು. "ಮನೇಲಿ ಕೂತು ಏನ್ಮಾಡ್ಲಿ, ಎರಡು ತಿಂಗಳು ಹೋಗ್ಬರ್ತೀನಿ" ಅಂತ ಹೋದರು. ಅಡುಗೆಮನೆಯಲ್ಲಿ ಹಾಲು ಉಕ್ಕುವುದೂ ತಿಳಿಯದ ಈ ಮಹಾಶಯರು ಮುದುಕರನ್ನು ನೋಡಿಕೊಳ್ಳುವುದೇ ಅಂತ ನಾನು ಮನಸಾರೆ ನಕ್ಕಿದ್ದೆ.

ಎರಡು ತಿಂಗಳು ಕಳೆದರೂ ಅವರು ಬಿಡಲಿಲ್ಲ. ಬದಲಿಗೆ ಮನೆಯಲ್ಲಿ ಹೊಸ ಚಾಳಿಯೊಂದು ಶುರುವಾಯಿತು. ಏನು ಮಾಡುವುದಿದ್ದರೂ ಮೊದಲು ಹೇಳುವುದು. "ಈಗ ಲೈಟ್ ಹಾಕ್ತೀನಿ." "ಈಗ ನಿನ್ನ ತಟ್ಟೆ ತಗೋತೀನಿ." ಮಗಳು ದಿಯಾಳ ಜಡೆ ಮುಟ್ಟಬೇಕಾದರೂ ಅಪ್ಪಣೆ ಬೇಡುವವರ ಹಾಗೆ ನಿಲ್ಲುವರು.

"ಅದೇನ್ರೀ ಕ್ರಿಕೆಟ್ ಕಾಮೆಂಟರಿ ಥರ?" ಅಂತ ರೇಗಿದೆ ಒಂದು ದಿನ.

"ಅಲ್ಲಿ ಬ್ರೀಡಾ ಅಂತ ಒಬ್ರು ಅಜ್ಜಿ ಇದಾರೆ ಕಣೇ. ಕಣ್ಣು ಮಂಜು, ನೆನಪೂ ಇಲ್ಲ. ಸುಮ್ನೆ ಕೈ ಹಿಡಿದ್ರೆ ಕಿರುಚ್ತಾರೆ. ಮಾಸ್ಕ್ ಹಾಕ್ಕೊಂಡು ಹೋದ್ರೆ ನಾವೆಲ್ಲ ಕಳ್ಳರ ಥರಾನೇ ಅಲ್ವಾ? ಹೇಳಿ ಮುಟ್ಟಿದ್ರೆ ಸುಮ್ನಿರ್ತಾರೆ."

ಅದಾದ ಸ್ವಲ್ಪ ದಿನಕ್ಕೆ, ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳ ಹಿಂದೆ ನಿಂತು, "ಈಗ ಒಂದು ವಿಷಯ ಹೇಳ್ತೀನಿ" ಅಂದರು. ಅವರಿಗೆ ನರ್ಸಿಂಗ್ ಓದಬೇಕಂತೆ. ಮೊದಲು ಇಲ್ಲೇ ಊರಿನ ಕಾಲೇಜಿನಲ್ಲಿ ಒಂದು ವರ್ಷದ ಕೋರ್ಸು, ಆಮೇಲೆ ನಾಲ್ಕು ವರ್ಷದ ಡಿಗ್ರಿ.

ನನ್ನ ಕೆಲಸ ಇಲ್ಲಿಯ ಕೈಗಾರಿಕಾ ಬಡಾವಣೆ ಪಾರ್ಕ್‌ಮೋರ್‌ನಲ್ಲಿ, ಹೃದಯದ ರಕ್ತನಾಳದೊಳಗೆ ಕೂರಿಸುವ ಸಣ್ಣ ಜಾಲರಿಗಳನ್ನು ಮಾಡುವ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ. ಅಲ್ಲಿ ಯಾವುದಾದರೂ ಕೆಡಬಹುದು ಅನ್ನಿಸಿದರೆ ಅದಕ್ಕೆ ಅಂಕಿ ಕೊಡಬೇಕು. ಎಷ್ಟು ಅಪಾಯ, ಎಷ್ಟು ಸಲ ಆದೀತು, ಎರಡನ್ನೂ ಗುಣಿಸು. ಈ ಚಟ ಮನೆಗೂ ಬಂದಿದೆ, ಏನು ಮಾಡಲಿ? ಫ್ರಿಜ್ ಕೊಳ್ಳುವಾಗಲೂ ಎಕ್ಸೆಲ್, ಮಗಳಿಗೆ ಹೆಸರಿಡುವಾಗಲೂ ಎಕ್ಸೆಲ್. ಗಂಡನ ಭವಿಷ್ಯಕ್ಕೆ ಬಿಡುತ್ತೇನೆಯೇ? ಕೂತು ಲೆಕ್ಕ ಹಾಕಿದೆ. ನಮಗೆ ಇಲ್ಲಿಯ ಪಾಸ್‌ಪೋರ್ಟ್ ಬಂದಿದ್ದರಿಂದ ಫೀಸು ಅಷ್ಟೇನೂ ಹೊರೆಯಲ್ಲ. ಹೊರೆ ಇದ್ದದ್ದು ಐದು ವರ್ಷ ಸಂಬಳವಿಲ್ಲದಿರುವುದರಲ್ಲಿ. ಮನೆ ಕೊಳ್ಳಲೆಂದು ಕೂಡಿಟ್ಟದ್ದು ಕರಗುತ್ತದೆ, ಮೇಲೆ ಕ್ರೆಡಿಟ್ ಯೂನಿಯನ್ ಅನ್ನುವ ಇಲ್ಲಿಯ ಸಹಕಾರಿ ಸಂಘದ ಸಾಲ. ಹೊಸ ನರ್ಸಿನ ಸಂಬಳದಲ್ಲಿ ಅದನ್ನೆಲ್ಲ ತೀರಿಸಿ, ಟೆಸ್ಟರ್ ಗಿರೀಶನನ್ನು ನರ್ಸ್ ಗಿರೀಶ ಹಿಂದೆ ಹಾಕುವ ಹೊತ್ತಿಗೆ ದಿಯಾಳ ಮದುವೆಯೇ ಆಗಿರುತ್ತದೆ ಅಂತ ಲೆಕ್ಕ ಬಂತು. ಎಕ್ಸೆಲ್ ಕೋಷ್ಟಕದಲ್ಲಿ ಆ ಸಾಲಿಗೆ ಕೆಂಪು ಬಣ್ಣ ತುಂಬಿ ಅವರ ಮುಂದೆ ಹಿಡಿದೆ.

ಅದೇ ವಾರ ದೂರದ ಊರು ಸ್ಯಾಂಡಿಫರ್ಡ್‌ನ ಒಂದು ಕಂಪನಿಯಿಂದ ಅವರಿಗೆ ಟೆಸ್ಟರ್ ಕೆಲಸದ ಆಫರ್ ಬಂತು. ಮನೆಯಿಂದಲೇ ಮಾಡಬಹುದು, ಸಂಬಳ ಮೊದಲಿಗಿಂತ ಜಾಸ್ತಿ, ಶುಕ್ರವಾರದೊಳಗೆ ಉತ್ತರ ಕೊಡಬೇಕು. ಮೈಸೂರಿನಿಂದ ವಿಡಿಯೋ ಕಾಲ್‌ನಲ್ಲಿ ನಮ್ಮತ್ತೆ ಮುಖಕ್ಕೇ ಹೇಳಿದರು: "ಎಂಜಿನಿಯರಿಂಗ್ ಓದ್ಸಿದ್ದು ಕಂಡೋರ ಮೈ ಒರೆಸೋಕೇನೋ? ನೀನಾದ್ರೂ ಬುದ್ಧಿ ಹೇಳಮ್ಮ." ದಿಯಾ ಬ್ರೆಡ್ಡು ಅಗಿಯುತ್ತಲೇ, ಅಪ್ಪಟ ಗಾಲ್ವೇ ಧಾಟಿಯಲ್ಲಿ, "ಹೀ ವುಡ್ ಬಿ ಗ್ರ್ಯಾಂಡ್ ಅಟ್ ಇಟ್" ಅಂದಳು, ಅಪ್ಪ ಈ ಕೆಲಸ ಚೆನ್ನಾಗಿ ಮಾಡ್ತಾರೆ ಅಂತ. ಗಿರೀಶ್ ಕೆಂಪು ಸಾಲನ್ನು ನೋಡಿ, "ಸರಿ ಕಣೇ, ನಿನ್ನ ಲೆಕ್ಕ ಸರಿಯಾಗಿದೆ" ಅಂದರು.

ನನ್ನ ಲೆಕ್ಕದಲ್ಲಿ ಇಲ್ಲದಿದ್ದದ್ದು ನನ್ನದೇ ಜ್ವರ. ಬುಧವಾರ ಕೆಮ್ಮು, ಗುರುವಾರ ಪಾಸಿಟಿವ್. ಪುಟ್ಟ ಕೋಣೆಯಲ್ಲಿ ಒಬ್ಬಳೇ ಬಿದ್ದುಕೊಂಡೆ. ನಾನು ರೋಗಿಯಾಗಿ ಎಂಥವಳು ಅಂತ ಕೇಳಬೇಡಿ. ಗಂಜಿಗೆ ಉಪ್ಪು ಸಾಲದು ಅಂದೆ, ನಾಲಿಗೆ ಕೆಟ್ಟದ್ದು ಮರೆತು. ಉಸಿರು ಸ್ವಲ್ಪ ಬಿಗಿದರೂ ಎಲ್ಲಾ ಅಪಾಯಗಳೂ ಅಂಕಿ ಸಮೇತ ಕಣ್ಣಮುಂದೆ. ಹೆದರಿದೆ, ನಿಜವಾಗಿ ಹೆದರಿದೆ. ಮಗಳ ದನಿ ಕೆಳಗಿನಿಂದ ಕೇಳಿದರೆ ಅಳು ಬರುತ್ತಿತ್ತು.

ಬಾಗಿಲಾಚೆಯಿಂದ ಅವರ ದನಿ ಬರುತ್ತಿತ್ತು. "ಈಗ ಒಳಗೆ ಬರ್ತೀನಿ." ಮಾಸ್ಕು, ಗ್ಲೌಸು, ಕಣ್ಣಷ್ಟೇ ಕಾಣುತ್ತಿತ್ತು. "ಈಗ ಬೆರಳಿಗೆ ಕ್ಲಿಪ್ ಹಾಕ್ತೀನಿ, ತಣ್ಣಗಿರತ್ತೆ. ಈಗ ನಿನ್ನ ಭುಜ ಹಿಡ್ಕೊಂಡು ಮಗ್ಗುಲಿಗೆ ತಿರುಗಿಸ್ತೀನಿ." ನಾನು ರೇಗಲಿಲ್ಲ. ಅವರು ಹೇಳಿದ ಮೇಲೆ ಮುಟ್ಟುವವರೆಗೆ ಒಂದು ಗಳಿಗೆ ಇರುತ್ತದಲ್ಲ, ಅಷ್ಟರಲ್ಲಿ ನನ್ನ ಹೆದರಿಕೆ ಇಳಿಯುತ್ತಿತ್ತು. ಇದೇ ಕೈಗಳು ಮನೆಯಲ್ಲಿ ಲೋಟ ಒಡೆಯುತ್ತಿದ್ದವು ಅಂದರೆ ನಂಬುತ್ತೀರಾ? ಹಾಲು ಉಕ್ಕಿಸುತ್ತಿದ್ದ ಮನುಷ್ಯ ಎಲ್ಲಿ ಹೋದರೋ. ಅವರ ಮೇಲೆ ನನಗೆ ಆಗ ಬಂದಷ್ಟು ಪ್ರೀತಿ ಮದುವೆ ಮಂಟಪದಲ್ಲೂ ಬಂದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಬಂದು, ಗಂಜಿಯ ಬಟ್ಟಲು ಕೆಳಗಿಟ್ಟು, ಜೇಬಿನಿಂದ ಫೋನ್ ತೆಗೆದರು. ಅದೇ ದನಿ, ಅದೇ ರೂಢಿ: "ಈಗ ಸ್ಯಾಂಡಿಫರ್ಡ್‌ನವರಿಗೆ ಒಪ್ಕೊಂಡೆ ಅಂತ ಮೇಲ್ ಕಳಿಸ್ತೀನಿ."

ಹೇಳಿದರಲ್ಲ, ಹಾಗಾಗಿ ನನಗೆ ಒಂದು ಗಳಿಗೆ ಸಿಕ್ಕಿತು.

"ಕಳಿಸ್ಬೇಡಿ" ಅಂದೆ.

"ಮನೆ ಕೊಳ್ಳೋದು?"

"ಬಾಡಿಗೆ ಮನೇಲಿ ಯಾರೂ ಸತ್ತಿಲ್ಲ."

"ಈಗ ಹಂಗನ್ಬೇಡ ಕಣೇ, ಜ್ವರದಲ್ಲಿದೀಯ" ಅಂದರು. ಮಾಸ್ಕಿನ ಮೇಲೆ ಅವರ ಕಣ್ಣು ಒದ್ದೆಯಾಗಿತ್ತು. ಆಮೇಲೆ ಅವರೇ ಎಣ್ಣೆ ಕಾಯಿಸಿಕೊಂಡು ಬಂದರು. "ಈಗ ತಲೆಗೆ ಹಚ್ತೀನಿ." ಹಾಗೆ ಒಂದೆರಡು ವಾರ ದಿನವೂ ಹಚ್ಚಿದರು. ಒಂದು ದಿನ ಇದ್ದಕ್ಕಿದ್ದಂತೆ ಕೊಬ್ಬರಿಯ ವಾಸನೆ ಮೂಗಿಗೆ ಬಂತು. ನಾನು ಮಗುವಿನ ಹಾಗೆ ಅತ್ತುಬಿಟ್ಟೆ.

ನಾವು ಇನ್ನೂ ಬಾಡಿಗೆ ಮನೆಯಲ್ಲೇ ಇದ್ದೇವೆ. ಸಾಲ ಇದೆ, ಕೆಂಪು ಸಾಲು ಕೆಂಪಾಗಿಯೇ ಇದೆ. ಬಾಡಿಗೆ ಏರಿದಾಗಲೆಲ್ಲ ಇಬ್ಬರೂ ಜಗಳವಾಡುತ್ತೇವೆ, ಸುಳ್ಳೇಕೆ ಹೇಳಲಿ. ಗಿರೀಶ್‌ಗೆ ಈಗ ಡಿಗ್ರಿಯ ಕೊನೆಯ ವರ್ಷ, ಆಸ್ಪತ್ರೆಯಲ್ಲಿ ತರಬೇತಿ.

ಈ ಭಾನುವಾರ ಎಣ್ಣೆ ಹಚ್ಚಿಸಿಕೊಂಡವರು ನಮ್ಮತ್ತೆ. ಕುರ್ಚಿಯಲ್ಲಿ ಕೂರಿಸಿ ಮಗ ಹಿಂದೆ ನಿಂತ. "ಅಮ್ಮ, ಈಗ ತಲೆ ಮುಟ್ತೀನಿ."

"ಮುಟ್ಟೋ, ಅದನ್ನೇನು ಕೇಳ್ತೀಯ" ಅಂದರು. ಸ್ವಲ್ಪ ಹೊತ್ತಿಗೆ ಅವರ ಕಣ್ಣು ಮುಚ್ಚಿತು, ಕುತ್ತಿಗೆ ಸಡಿಲವಾಯಿತು. "ಇದಕ್ಕೂ ಸಂಬಳ ಕೊಡ್ತಾರೇನೋ ಈ ಊರಲ್ಲಿ?"

"ಮುಂದಿನ ವರ್ಷದಿಂದ ಪೂರ್ತಿ ಕೊಡ್ತಾರಮ್ಮ."

"ಎಷ್ಟು?"

ಗಿರೀಶ್ ಹೇಳಿದರು. ಅತ್ತೆ ಕಣ್ಣು ತೆರೆಯದೆಯೇ ತಲೆ ಆಡಿಸಿ, "ಕಮ್ಮಿ ಆಯ್ತು" ಅಂದರು.

ನಾನು ಬಾಟಲಿಯನ್ನು ಮತ್ತೆ ರೇಡಿಯೇಟರ್ ಮೇಲಿಟ್ಟೆ, ಮುಂದಿನ ಸರದಿ ನನ್ನದು.