ಆರು ಉತ್ತರ ಕಲಿಸಿಕೊಂಡು ಬೆಳಗಾವಿಗೆ

ನಮ್ಮೂರು ಬೀಡಿಯಿಂದ ಬೆಳಿಗ್ಗೆ ಏಳೂಕಾಲಕ್ಕೆ ಬಿಡಬೇಕಾದ ಖಾನಾಪುರದ ಬಸ್ಸು ಏಳೂಮುಕ್ಕಾಲಕ್ಕೆ ಬಿಟ್ಟಿತು. ನಾವು ಮೂವರಿದ್ದೆವು: ನಾನು, ನನ್ನ ತಂಗಿ ಸುವರ್ಣಾ, ಅವಳ ಒಂಬತ್ತು ವರ್ಷದ ಮಗಳು ಪದ್ಮಾ. ಕೈಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹೆಸರುಕಾಳಿನ ಪಲ್ಯ. ಬಟ್ಟೆಯಲ್ಲಿ ಸೋಸಿ ತುಂಬಿದ ಒಂದು ತಂಬಿಗೆ ನೀರು. ನಮ್ಮದು ಜೈನರ ಮನೆ, ಹೊರಗಿನ ನೀರು ಕುಡಿಯುವುದಿಲ್ಲ. ಹೊತ್ತು ಮುಳುಗಿದ ಮೇಲೆ ತಿನ್ನುವುದೂ ಇಲ್ಲ. ನಾನಾದರೂ ಒಮ್ಮೊಮ್ಮೆ ಮರೆತೇನು, ಪದ್ಮಾ ಮಾತ್ರ ಎಂದೂ ಮರೆತವಳಲ್ಲ. ಬಿಸಿಲು ಎದುರುಮನೆಯ ಹೆಂಚು ದಾಟಿತೆಂದರೆ ತಾಟು ಹಿಡಿದು ಕೂತುಬಿಡುವಳು.

ಎಂಬತ್ತರ ದಶಕದ ಒಂದು ಬೇಸಿಗೆ ರಜೆಯ ಕೊನೆಯ ವಾರವದು. ಬೆಳಗಾವಿಯ ಸದಾಶಿವನಗರದಲ್ಲಿ ಒಂದು ಬಾಡಿಗೆ ಮನೆಯಲ್ಲಿ ಪದ್ಮಾಳಂಥ ಮಕ್ಕಳಿಗಾಗಿ ಸಾಲೆ ನಡೆಯುತ್ತಿತ್ತು. ಸೋಮವಾರ ಬಿಟ್ಟರೆ ಶನಿವಾರ ಕರೆತರಬೇಕು, ಊಟ ವಸತಿ ಎಲ್ಲ ಅಲ್ಲೇ. ಖರ್ಚು ಸರ್ಕಾರದ್ದು. ಆದರೆ ಮಗು ಅದಕ್ಕೆ ಅರ್ಹ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ ಒಂದು ಸರ್ಟಿಫಿಕೇಟು ಕೊಡಬೇಕು. ಆ ಸರ್ಟಿಫಿಕೇಟಿಗಾಗಿಯೇ ನಮ್ಮ ಪ್ರಯಾಣ.

ಪದ್ಮಾ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಬೇಕು ಬೇಡ ಎನ್ನುತ್ತಿರಲಿಲ್ಲ. ಬಸ್ಸಿನ ಸದ್ದು ಕೇಳಿದರೆ ಮಾತ್ರ ಎಲ್ಲಿದ್ದರೂ ರಸ್ತೆಗೆ ಓಡುವಳು. ಎರಡು ಸಲ ಲಾರಿಯ ಕೆಳಗೆ ಸಿಗುವುದರಿಂದ ಸ್ವಲ್ಪದರಲ್ಲಿ ಉಳಿದಿದ್ದಳು. ಅಂದಿನಿಂದ ಸುವರ್ಣಾ ಅಡಿಗೆ ಮಾಡುವಾಗ, ನೀರಿಗೆ ಹೋಗುವಾಗ ಹಳೆಯ ಸೀರೆಯಿಂದ ಮಗಳ ಸೊಂಟವನ್ನು ಪಡಸಾಲೆಯ ಕಂಬಕ್ಕೆ ಕಟ್ಟುತ್ತಿದ್ದಳು. ಕಟ್ಟುವಾಗೊಮ್ಮೆ ಬಿಚ್ಚುವಾಗೊಮ್ಮೆ ಅಳುತ್ತಿದ್ದಳು. ನನಗದು ನೋಡಲಾಗುತ್ತಿರಲಿಲ್ಲ. ಅದಕ್ಕೇ ಈ ಸಾಲೆಯ ಸುದ್ದಿ ತಂದವಳೂ ನಾನೇ, ತಂಗಿಯ ಗಂಡ ಜಿನ್ನಪ್ಪನನ್ನು ಒಪ್ಪಿಸಿದವಳೂ ನಾನೇ.

ಇನ್ನು ನನ್ನ ವಿಷಯ. ನಾನು ಬೀಡಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಶಿಕ್ಷಕಿ. ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಕೈ ಸೀಮೆಸುಣ್ಣ ಹುಡುಕುತ್ತದೆ. ತಯಾರಿ ಇಲ್ಲದೆ ಒಂದು ಮಗುವನ್ನೂ ಪರೀಕ್ಷೆಗೆ ಕಳಿಸಿದವಳಲ್ಲ. ನಂದಗಡದ ಒಬ್ಬ ಮಾಸ್ತರರು ಹಿಂದಿನ ವರ್ಷ ತಮ್ಮ ಅಣ್ಣನ ಮಗನನ್ನು ಇದೇ ಡಾಕ್ಟರರ ಹತ್ತಿರ ಕರೆದೊಯ್ದಿದ್ದರು. ಏನೇನು ಕೇಳಿದರೆಂದು ಅವರನ್ನು ವಿಚಾರಿಸಿ ಚೀಟಿಯಲ್ಲಿ ಬರೆದುಕೊಂಡೆ. ಆರು ಪ್ರಶ್ನೆ. ಹೆಸರೇನು, ತಂದೆಯ ಹೆಸರೇನು, ಊರು ಯಾವುದು, ವಯಸ್ಸೆಷ್ಟು, ಕೈಬೆರಳೆಷ್ಟು, ಆಕಳು ಏನು ಕೊಡುತ್ತದೆ.

ರಜೆಯ ನಾಲ್ಕು ವಾರ ದಿನಾ ಬೆಳಿಗ್ಗೆ ಪದ್ಮಾಳ ಬಾಜುವಿಗೆ ಕೂತು ಕಲಿಸಿದೆ. ಅವಳು ಗೋಡೆ ನೋಡುತ್ತ ಕೂತರೆ ನಾನೂ ಗೋಡೆ ನೋಡುತ್ತ ಕೇಳಿದೆ. ಒಂದು ಉತ್ತರಕ್ಕೆ ಒಂದು ಚೂರು ಬೆಲ್ಲ. ಮೂರನೆಯ ವಾರಕ್ಕೆ ಬೆಲ್ಲವೂ ಬೇಡವಾಯಿತು. ಪದ್ಮಾವತಿ, ಜಿನ್ನಪ್ಪ, ಬೀಡಿ, ಒಂಬತ್ತು, ಹತ್ತು, ಹಾಲು. ಒಂದಕ್ಷರ ತಪ್ಪುತ್ತಿರಲಿಲ್ಲ. ಆ ದಿನ ನಾನು ಓಣಿಯಲ್ಲಿ ತಲೆ ಎತ್ತಿ ನಡೆದೆ. ಯಾರೂ ಮಾಡದ್ದನ್ನು ನಾನು ಮಾಡಿದೆ ಎಂಬ ಸೊಕ್ಕು ನನಗೆ ಬಂದಿತ್ತು, ಸುಳ್ಳೇಕೆ ಹೇಳಲಿ.

ಖಾನಾಪುರ ಬಂದಾಗ ಒಂಬತ್ತು ಹೊಡೆದಿತ್ತು. ಮಲಪ್ರಭೆಯಲ್ಲಿ ಬಂಡೆ ಹೆಚ್ಚು, ನೀರು ಕಡಿಮೆ. ನಿಲ್ದಾಣದ ಬಾಜು ಲಾರಿಗೆ ಹೆಂಚು ಏರಿಸುತ್ತಿದ್ದರು. ಇಲ್ಲಿ ಬಸ್ಸು ಬದಲಿಸಬೇಕು. ಪದ್ಮಾ ಏಳಲಿಲ್ಲ. ಹತ್ತಿದ ಬಸ್ಸನ್ನು ಇಳಿಯುವುದು ಅವಳ ಲೆಕ್ಕದಲ್ಲಿ ಇರಲಿಲ್ಲ. ಎತ್ತಲು ಹೋದರೆ ಕಿಟಕಿಯ ಸರಳು ಹಿಡಿದು ಹಣೆ ಜಜ್ಜಿಕೊಳ್ಳತೊಡಗಿದಳು. ಮಗಳಿಗೆ ದೇವರು ಬಂದಿದೆಯೇ ಎಂದು ಮರಾಠಿ ಮಾತಾಡುವ ಒಬ್ಬ ಅಜ್ಜಿ ಕೇಳಿದಳು. ಬಂದಿಲ್ಲ, ಹಟ ಬಂದಿದೆ ಎಂದು ನಾನೂ ಮರಾಠಿಯಲ್ಲೇ ಹೇಳಿದೆ. ಕಡೆಗೆ ನೀರಿನ ತಂಬಿಗೆಯನ್ನು ಪದ್ಮಾಳ ಕೈಗೆ ಕೊಟ್ಟೆ. ನೀರು ತುಳುಕಬಾರದೆಂಬುದು ಅವಳಿಗೆ ಗೊತ್ತು. ತಂಬಿಗೆಯನ್ನೇ ನೋಡುತ್ತ, ಒಂದು ಹನಿ ಚೆಲ್ಲದೆ, ಈ ಬಸ್ಸಿನಿಂದ ಇಳಿದು ಆ ಬಸ್ಸು ಹತ್ತಿದಳು.

ಅಲ್ಲಿಂದ ಬೆಳಗಾವಿ ಹದಿನಾರು ಮೈಲಿ. ನಮ್ಮಿಬ್ಬರಿಗೆ ಎರಡು, ಪದ್ಮಾಳಿಗೆ ಅರ್ಧ ಟಿಕೆಟು. ದಾರಿಯುದ್ದಕ್ಕೂ ಬುಟ್ಟಿ ಇಟ್ಟುಕೊಂಡು ನೇರಳೆ, ಕವಳಿ ಹಣ್ಣು ಮಾರುವವರು. ದೇಸೂರು ದಾಟಿದ ಮೇಲೆ ಸೆಕೆ ಏರಿತು. ಟಿಳಕವಾಡಿಯ ರೈಲ್ವೆ ಗೇಟು ಹಾಕಿದ್ದರಿಂದ ಕಾಲು ತಾಸು ಬಿಸಿಲಲ್ಲಿ ಬೆಂದೆವು. ಸುವರ್ಣಾ ನನ್ನ ಕಿವಿಯಲ್ಲಿ, ಇನ್ನೊಮ್ಮೆ ಕೇಳಿ ನೋಡಲೇ ಎಂದಳು. ಕೇಳು, ಆದರೆ ಸಾಲು ತಪ್ಪಿಸಬೇಡ ಎಂದೆ. ಆ ಮಾತನ್ನು ಯಾಕೆ ಹೇಳಿದೆನೆಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಕೂತೆ.

ದೊಡ್ಡಾಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಒಂದು ತಾಸು ಬೆಂಚಿನ ಮೇಲೆ ಕಾದೆವು. ಡಾಕ್ಟರರು ನಡುವಯಸ್ಸಿನ ಸಣಕಲು ಮನುಷ್ಯ, ಮಾತು ಮೆತ್ತಗೆ. ಪದ್ಮಾಳನ್ನು ಎದುರು ಕೂರಿಸಿಕೊಂಡು, ಮುಂದಿದ್ದ ಕಾಗದ ನೋಡುತ್ತ ಒಂದೊಂದೇ ಕೇಳಿದರು. ನನ್ನ ಚೀಟಿಯ ಆರು ಪ್ರಶ್ನೆಗಳೇ, ಅದೇ ಸಾಲಿನಲ್ಲಿ. ಪದ್ಮಾ ಗೋಡೆಯ ಕ್ಯಾಲೆಂಡರ್ ನೋಡುತ್ತ ಆರಕ್ಕೆ ಆರು ಹೇಳಿದಳು. ನನಗೆ ಕೂತಲ್ಲೇ ಎದೆಯುಬ್ಬಿತು.

ಡಾಕ್ಟರರು ಪೆನ್ನು ಕೆಳಗಿಟ್ಟರು. ಹುಡುಗಿಗೆ ನಾಚಿಕೆ ಬಹಳ, ಅದು ಬಿಟ್ಟರೆ ಅಂಥದ್ದೇನೂ ಕಾಣುವುದಿಲ್ಲ, ಊರ ಸಾಲೆಗೇ ಕಳಿಸಿ, ಆ ಸೀಟು ಇದಕ್ಕಿಂತ ಕಷ್ಟದ ಮಗುವಿಗೆ ಬೇಕು ಎಂದರು. ಸರ್ಟಿಫಿಕೇಟು ಕೊಡಲು ಬರುವುದಿಲ್ಲ ಎಂದರು.

ಹೊರಗೆ ಬಂದ ಸುವರ್ಣಾ ಬೇವಿನ ಗಿಡದ ಕೆಳಗೆ ಕುಸಿದು ಕೂತು ಅತ್ತಳು. ಸಂತೋಷಕ್ಕೆ ಅತ್ತಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ದೊಡ್ಡ ಮನುಷ್ಯರೊಬ್ಬರು ನಿನ್ನ ಮಗಳು ಚೆನ್ನಾಗಿದ್ದಾಳೆ ಎಂದಿದ್ದರು. ರೊಟ್ಟಿಯ ಗಂಟು ಬಿಚ್ಚಿ, ಮಗಳ ಗಲ್ಲ ಸವರಿ, ರೊಟ್ಟಿ ಬೇಕೇನು ಎಂದು ಕೇಳಿದಳು.

“ಪದ್ಮಾವತಿ” ಎಂದಳು ಪದ್ಮಾ.

ಸುವರ್ಣಾ ನಕ್ಕಳು. ನೀರು ಬೇಕೇನು ಎಂದು ಕೇಳಿದಳು.

“ಜಿನ್ನಪ್ಪ.”

ಸುವರ್ಣಾ ಈ ಸಲ ನಗಲಿಲ್ಲ. ಮುಂದೆ ಕೇಳುವುದು ಬೇಡವೆಂದು ನಾನು ಅವಳ ಕೈ ಹಿಡಿದೆ. ಉಣ್ಣುವಾಗ ನನ್ನ ಕಣ್ಣು ಪದ್ಮಾಳ ಲಂಗದ ಲಾಡಿಯ ಮೇಲೆ ಹೋಯಿತು. ಅದರ ಮೇಲ್ಗಡೆ, ಸೀರೆ ಕಟ್ಟುವ ಜಾಗದಲ್ಲಿ, ಚರ್ಮ ಕಪ್ಪಾಗಿ ಪಟ್ಟೆ ಬಿದ್ದಿತ್ತು. ಜೂನ್ ಬಂತೆಂದರೆ ನಾನು ನನ್ನ ಸಾಲೆಗೆ ಹೋಗುತ್ತೇನೆ, ಇವಳು ಕಂಬಕ್ಕೆ ಹೋಗುತ್ತಾಳೆ. ತಿರುಗಿ ಒಳಗೆ ಹೋಗೋಣ, ನಡೆದದ್ದನ್ನು ಡಾಕ್ಟರರಿಗೆ ಹೇಳೋಣ ಎಂದೆ.

“ಅಕ್ಕಾ, ಛಲೋ ಅದಾಳ ಅಂದಾರ ಅವರು. ನೀ ಯಾಕ ಕೆಡಸಾಕ ಹೊಂಟಿ?”

“ಕೆಡಿಸಿದ್ದು ಮೊದಲ ಆಗೇತಿ ಸುವರ್ಣಾ. ನಾನ ಕೆಡಿಸೇನಿ.”

ಅವಳು ಏಳಲಿಲ್ಲ. ನಾನು ಪದ್ಮಾಳ ಕೈಗೆ ತಂಬಿಗೆ ಕೊಟ್ಟು ನಡೆದೆ. ಬಾಗಿಲು ದಾಟುವಾಗ ತಿರುಗಿ ನೋಡಿದರೆ ಸುವರ್ಣಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹಿಂದೆ ಬರುತ್ತಿದ್ದಳು.

ಡಾಕ್ಟರರಿಗೆ ಎಲ್ಲ ಹೇಳಿದೆ. ನಂದಗಡದ ಮಾಸ್ತರರ ಚೀಟಿ, ನಾಲ್ಕು ವಾರ, ಬೆಲ್ಲ. ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದೆ, ಆಗಲಿಲ್ಲ. ಬೇಕಾದರೆ ಸಾಲು ತಪ್ಪಿಸಿ ಕೇಳಿ ನೋಡಿರಿ ಎಂದೆ. ಅವರು ಕೇಳಿದರು.

“ಆಕಳು ಏನು ಕೊಡತೈತಿ?”

“ಬೀಡಿ.”

ಬಾಗಿಲಲ್ಲಿ ನಿಂತಿದ್ದ ಜವಾನ ಕಿಸಕ್ಕನೆ ನಕ್ಕ. ಡಾಕ್ಟರರು ಅವನ ಕಡೆ ನೋಡಿದರು, ಸುಮ್ಮನಾದ. ಕೈಬೆರಳೆಷ್ಟು ಎಂದರೆ ಒಂಬತ್ತು ಎಂದಳು. ನಿನ್ನ ಊರು ಯಾವುದು ಎಂದರೆ ಹತ್ತು ಎಂದಳು. ಬೇವಿನ ಗಿಡದ ಕೆಳಗೆ ಬಿಟ್ಟ ಸಾಲನ್ನು ಅಲ್ಲಿಂದಲೇ ಮುಂದುವರಿಸಿದ್ದಳು. ದನಿಯಲ್ಲಿ ಒಂದಿಷ್ಟೂ ಅಳುಕಿಲ್ಲ. ಸುವರ್ಣಾ ನೆಲ ನೋಡುತ್ತಿದ್ದಳು. ನಾನು ನನಗರಿವಿಲ್ಲದೆ ಎದ್ದು ನಿಂತಿದ್ದೆ.

“ಇಕಿಗೆ ಏನೂ ತಿಳಿಯೂದಿಲ್ರಿ ಡಾಕ್ಟರ್ರ” ಎಂದೆ.

ಡಾಕ್ಟರರು ಬಹಳ ಹೊತ್ತು ಪದ್ಮಾಳನ್ನು ನೋಡಿದರು. ಅವಳು ತಂಬಿಗೆಯ ಅಂಚಿನ ಸುತ್ತ ಬೆರಳು ಆಡಿಸುತ್ತಿದ್ದಳು. ಆಮೇಲೆ ಫಾರ್ಮು ತೆಗೆದು ನನಗೂ ತೋರಿಸಿದರು. ಅದರಲ್ಲಿ ಗುರುತು ಹಾಕಲು ನಾಲ್ಕು ಮನೆಗಳಿದ್ದವು: ಕುರುಡು, ಕಿವುಡು-ಮೂಕು, ಅಂಗವಿಕಲ, ಬುದ್ಧಿಮಾಂದ್ಯ.

“ಇದಕ್ಕ ಆಟಿಸಂ ಅಂತಾರ್ರಿ. ನಾ ಓದಿದ ಪುಸ್ತಕದಾಗ ಐತಿ, ಈ ಫಾರ್ಮಿನಾಗ ಇಲ್ಲ. ಬುದ್ಧಿಮಾಂದ್ಯ ಅಂತ ಗುರುತು ಹಾಕಿದ್ರ ಸೀಟು ಸಿಗತೈತಿ. ಹಾಕಲೇನು?”

ಅವರು ನನ್ನನ್ನು ಕೇಳಲಿಲ್ಲ, ಸುವರ್ಣಾಳನ್ನು ಕೇಳಿದರು. ಬುದ್ಧಿಮಾಂದ್ಯ ಅಂದರೆ ಏನು ಎಂದು ಅವಳು ನನ್ನನ್ನು ಕೇಳಿದಳು. ನಾನು ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು, ಹಾಕ್ರಿ ಎಂದಳು.

ಇನ್ನೂ ಒಂದು ಕೆಲಸ ಉಳಿದಿತ್ತು. ಊರ ಸಾಲೆಯಲ್ಲಿ ಈ ಮಗುವಿಗೆ ಕಲಿಯಲಾಗದೆಂದು ಶಿಕ್ಷಕರೊಬ್ಬರು ಕೈಯಾರೆ ಬರೆದು ಲಗತ್ತಿಸಬೇಕು. ನೀವೇ ಶಿಕ್ಷಕಿಯಲ್ಲವೇ ಎಂದು ಡಾಕ್ಟರರು ಕಾಗದ ಕೊಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಎಂಥೆಂಥ ದಡ್ಡರನ್ನೂ ನಾನು ಬೈದಿದ್ದೇನೆ, ಕಿವಿ ಹಿಂಡಿದ್ದೇನೆ, ಆದರೆ ಈ ಮಗು ಕಲಿಯಲಾರದು ಎಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಮೊದಲ ಸಲ ಬರೆದೆ. ನನ್ನ ಅಕ್ಷರ ಸಾಮಾನ್ಯವಾಗಿ ದುಂಡಗಿರುತ್ತದೆ, ಅಂದು ಸೊಟ್ಟಗಾಯಿತು.

ಸದಾಶಿವನಗರಕ್ಕೆ ನಡೆದೇ ಹೋದೆವು. ಮೂರೂವರೆಯಾಗಿತ್ತು. ಸಾಲೆ ನಡೆಸುವ ಶಿಕ್ಷಕಿಯವರು ಸರ್ಟಿಫಿಕೇಟನ್ನು ಎರಡು ಸಲ ಓದಿ, ಜೂನ್ ಮೊದಲ ಸೋಮವಾರ ಕರೆತನ್ನಿ ಎಂದರು. ರಜೆಯಲ್ಲೂ ಅಲ್ಲೇ ಉಳಿದಿದ್ದ ನಾಲ್ಕು ಮಕ್ಕಳು ಅಂಗಳದಲ್ಲಿದ್ದರು. ಒಬ್ಬಳು ಗೋಡೆಗುಂಟ ಓಡುತ್ತಿದ್ದಳು, ಒಬ್ಬ ಒಂದೇ ಕಡೆ ಗಿರಗಿರ ತಿರುಗುತ್ತಿದ್ದ. ಯಾರನ್ನೂ ಕಟ್ಟಿರಲಿಲ್ಲ. ಗೇಟಿನ ಅಗಳಿಯನ್ನು ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಹಾಕಿಸಿದ್ದರು, ಅಷ್ಟೇ. ಸುವರ್ಣಾ ಆ ಅಗಳಿಯನ್ನು ನಿಂತು ನೋಡಿದಳು. ಎರಡು ಸಲ ತೆಗೆದು ಹಾಕಿಯೂ ನೋಡಿದಳು. ಆದರೆ ನನ್ನ ಸಂಗಡ ಒಂದು ಮಾತೂ ಆಡಲಿಲ್ಲ.

ಬಸ್ ನಿಲ್ದಾಣದಲ್ಲಿ ಐದೂವರೆಗೆ ಉಳಿದ ರೊಟ್ಟಿ ಉಂಡೆವು. ಪದ್ಮಾ ಬಿಸಿಲು ನೋಡಿ ತಾನೇ ಕೂತಿದ್ದಳು. ಆರಕ್ಕೆ ಹೊರಟ ಬಸ್ಸು ಖಾನಾಪುರದಲ್ಲಿ ನಿಂತು ಬೀಡಿಗೇ ಹೋಗುವಂಥದು, ನಮ್ಮ ಪುಣ್ಯ. ಕಿಟಕಿಯ ಹತ್ತಿರ ಪದ್ಮಾ, ನಡುವೆ ಸುವರ್ಣಾ, ಈ ಕಡೆ ನಾನು. ಬೇಕಾದದ್ದು ಸಿಕ್ಕಿತ್ತು. ಮಗು ಕಂಬ ಬಿಟ್ಟಿತು, ಅದೇ ದೊಡ್ಡದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ತಂಗಿ ಇಂದಲ್ಲ ನಾಳೆ ಮಾತಾಡಿಯಾಳು.

ಖಾನಾಪುರ ದಾಟಿ ಮಲಪ್ರಭೆಯ ಸೇತುವೆಯ ಮೇಲೆ ಬಂದಾಗ ಕತ್ತಲಿಳಿಯುತ್ತಿತ್ತು. ಯಾರೂ ಕೇಳದೆಯೇ ಪದ್ಮಾ ಕಿಟಕಿಗೆ ಮುಖ ಮಾಡಿ ಶುರು ಮಾಡಿದಳು. ಪದ್ಮಾವತಿ. ಜಿನ್ನಪ್ಪ. ಬೀಡಿ. ಒಂಬತ್ತು. ಹತ್ತು. ಹಾಲು. ಮುಂದಿನ ಸೀಟಿನವರು ತಿರುಗಿ ನೋಡಿ ಮುಗುಳ್ನಕ್ಕರು. ಅವಳು ಒಮ್ಮೆ ಉಸಿರೆಳೆದುಕೊಂಡು ಮತ್ತೆ ಬಾಯಿ ತೆರೆದಳು.

“ಇಕಿಗೆ ಏನೂ ತಿಳಿಯೂದಿಲ್ರಿ ಡಾಕ್ಟರ್ರ.”

ನನ್ನದೇ ದನಿ. ನನ್ನದೇ ಏರಿಳಿತ, ಕೊನೆಯಲ್ಲಿ ನಾನು ಎಳೆಯುವ ಎಳೆತವೂ ಸೇರಿ. ಸುವರ್ಣಾ ಮಗಳ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಬೀಡಿ ಬರುವ ತನಕ ಪದ್ಮಾ ಏಳನ್ನೂ ಸಾಲಾಗಿ ಹೇಳುತ್ತಲೇ ಇದ್ದಳು, ಒಂದನ್ನೂ ಬಿಡದೆ. ಮೊದಲಿನ ಆರನ್ನು ಕಲಿಸಲು ನನಗೆ ನಾಲ್ಕು ವಾರ ಹಿಡಿದಿತ್ತು. ಏಳನೆಯದನ್ನು ಅವಳು ಒಂದೇ ಸಲ ಕೇಳಿ ಕಲಿತಿದ್ದಳು.